ವಿಷಯಕ್ಕೆ ಹೊಂದಿಲ್ಲ

ಕನ್ನಡ ಶಾಲೆಯ ಮೆಟ್ಟಿಲು ಹತ್ತಿದವರೆಲ್ಲರೂ ಬಾಳಿನಲ್ಲಿ ಒಮ್ಮೆಯಾದರೂ ನಾಯಿಯನ್ನು ಕುರಿತು ಪ್ರಬಂಧ ಬರೆದವರೇ ಆಗಿರುತ್ತಾರೆ. "ನಾಯಿಯು ಒಂದು ಸಾಕುಪ್ರಾಣಿ. ಅದಕ್ಕೆ ನಾಲ್ಕು ಕಾಲುಗಳೂ ಒಂದು ಬಾಲವೂ ಇವೆ. ಅದು ನಮ್ಮ ಮನೆಯನ್ನು ಕಾಯುತ್ತದೆ. ಅದು ಬಹಳ ನಂಬಿಗಸ್ತ ಪ್ರಾಣಿ." ಈ ವಾಕ್ಯಗಳನ್ನು ನನ್ನ ತಂದೆಯವರು ಬರೆದಿದ್ದರು, ನಾನು ಬರೆದಿದ್ದೆ, ಈಗ ನನ್ನ ವಿದ್ಯಾರ್ಥಿಗಳು ಬರೆಯುತ್ತಿದ್ದಾರೆ. ಈ ನಡುವೆ ನಾಡಿನ ಗಡಿಗಳು ಬದಲಾದುವು. 1956ರ ನವೆಂಬರ್ ಒಂದರಂದು ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು; 1984ರಲ್ಲಿ ಅದೇ ಒಂದು ಜಿಲ್ಲೆಯಾಯಿತು. ನಾಯಿಯ ಪ್ರಬಂಧ ಮಾತ್ರ ಬದಲಾಗಲಿಲ್ಲ. ನಾಯಿಯು ನಮಗೆ ಏನು ಮಾಡುತ್ತದೆಂಬುದನ್ನು ಅದರಲ್ಲಿ ಹೇಳುತ್ತೇವೆ. ನಾವು ನಾಯಿಗೆ ಏನು ಮಾಡುತ್ತೇವೆಂಬ ವಾಕ್ಯವು ಅದರಲ್ಲಿ ಎಂದೂ ಇದ್ದುದಿಲ್ಲ.

2023ರ ಫೆಬ್ರವರಿ ತಿಂಗಳಲ್ಲಿ ನಾಲ್ಕನೆಯ ತರಗತಿಯ ಮಕ್ಕಳಿಗೆ ನಾನೂ ಅದೇ ಪ್ರಬಂಧವನ್ನು ಬರೆಯಲು ಕೊಟ್ಟೆ. ತರಗತಿಯಲ್ಲಿದ್ದವರು ಒಂಬತ್ತು ಮಂದಿ. ಎಂಟು ಪುಸ್ತಕಗಳಲ್ಲಿ ಎಂಟು ನಂಬಿಗಸ್ತ ಪ್ರಾಣಿಗಳು ಬಾಲವಾಡಿಸಿಕೊಂಡು ನಿಂತಿದ್ದುವು. ಒಂಬತ್ತನೆಯದರಲ್ಲಿ ಹೀಗೆ ಬರೆದಿತ್ತು: "ನಮ್ಮ ಮನೆಯಲ್ಲಿ ಒಂದು ನಾಯಿ ಉಂಟು. ಅದಕ್ಕೆ ಹೆಸರಿಲ್ಲ. ಅದರ ಕುತ್ತಿಗೆಯಿಂದ ವಾಸನೆ ಬರುತ್ತದೆ. ಅದು ರಾತ್ರಿ ಅಳುತ್ತದೆ. ನಾನು ಕಿವಿಗೆ ತಲೆದಿಂಬು ಒತ್ತಿ ಮಲಗುತ್ತೇನೆ."

ವಾಚಕರ ಮುಂದೆ ನನ್ನ ತಪ್ಪನ್ನು ಮೊದಲೇ ಒಪ್ಪಿಬಿಡುವುದು ಲೇಸು. ನಾನು ಕೆಂಪು ಶಾಯಿಯ ಪೆನ್ನನ್ನೆತ್ತಿಕೊಂಡು, 'ಉಂಟು' ಎಂಬುದನ್ನು 'ಇದೆ' ಎಂದು ತಿದ್ದಿದೆ. ಕೊನೆಗೆ "ವಿಷಯಕ್ಕೆ ಹೊಂದಿಲ್ಲ" ಎಂದು ಷರಾ ಬರೆದೆ. ಹತ್ತರಲ್ಲಿ ನಾಲ್ಕು ಅಂಕಗಳನ್ನು ಕೊಟ್ಟು, ಪುಸ್ತಕವನ್ನು ಮುಚ್ಚಿ, ಇತರ ಪುಸ್ತಕಗಳ ಮೇಲಿಟ್ಟೆ.

ಆ ರಾತ್ರಿ ಊಟವಾದ ಬಳಿಕ ದೂರದಲ್ಲೆಲ್ಲೋ ಒಂದು ನಾಯಿ ಬೊಗಳಿತು. ಆಗ ಆ ನಾಲ್ಕು ಸಾಲುಗಳು ನೆನಪಾದುವು. ಅವುಗಳ ಹಿಂದೆಯೇ ಇನ್ನೊಂದು ನೆನಪೂ ಬಂತು. ಆ ಹುಡುಗಿಯ ಮನೆ ನಾನು ಶಾಲೆಗೆ ಹೋಗುವ ಕಾಲುದಾರಿಯ ಪಕ್ಕದಲ್ಲಿಯೇ ಇದೆ. ಅಡಕೆಯ ತೋಟ, ಅದರ ಮೇಲೊಂದು ಅಂಗಳ, ಅಂಗಳದ ಅಂಚಿನಲ್ಲಿ ಸರಪಳಿಯ ಸದ್ದು. ಒಂದು ವರ್ಷದಿಂದ ದಿನಕ್ಕೆರಡು ಬಾರಿ ಆ ಸದ್ದನ್ನು ಕೇಳಿಕೊಂಡು ನಡೆದವನು ನಾನು. ಸದ್ದು ಕೇಳಿಸಿದೊಡನೆ ಕೊಡೆಯನ್ನು ಆ ಕಡೆಗೆ ಹಿಡಿದು, ಹೆಜ್ಜೆಯನ್ನು ಚುರುಕುಗೊಳಿಸುತ್ತಿದ್ದೆನೇ ಹೊರತು, ಒಮ್ಮೆಯೂ ತಲೆಯೆತ್ತಿ ನೋಡಿದವನಲ್ಲ. ಮಗು ಕಿವಿಗೆ ದಿಂಬನ್ನೊತ್ತಿಕೊಂಡಿತು. ಮಾಸ್ತರನು ಕೊಡೆಯನ್ನು ಅಡ್ಡ ಹಿಡಿದನು.

ಮರುದಿನ ಬೆಳಿಗ್ಗೆ ನಾನು ಕೊಡೆಯನ್ನು ಮಡಚಿ ನಿಂತು ನೋಡಿದೆ. ಶಿಕ್ಷಕರ ತರಬೇತಿಯಲ್ಲಿ ನಮ್ಮ ಗುರುಗಳೊಬ್ಬರು ಮತ್ತೆ ಮತ್ತೆ ಹೇಳುತ್ತಿದ್ದ ಮಾತೊಂದಿತ್ತು: ಮಗುವು ದಡ್ಡನೆಂದು ತೀರ್ಮಾನಿಸುವುದಕ್ಕೆ ಮೊದಲು ಅದಕ್ಕೆ ಕಣ್ಣು ಸರಿಯಾಗಿ ಕಾಣುತ್ತದೆಯೇ, ಕಿವಿ ಕೇಳುತ್ತದೆಯೇ, ಬೆಳಿಗ್ಗೆ ಏನಾದರೂ ಹೊಟ್ಟೆಗೆ ಬಿದ್ದಿದೆಯೇ ಎಂಬುದನ್ನು ನೋಡಬೇಕು. ನಾಯಿಯ ವಿಷಯದಲ್ಲಿಯೂ ಹಾಗೆಯೇ ಮಾಡೋಣವೆಂದು, ಮೂರು ದಿನಗಳ ಕಾಲ ಹೋಗುವಾಗ ಬರುವಾಗ ಕಂಡುದನ್ನು ಒಂದು ಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಟ್ಟೆ.

ಕಂಡುದು ಇಷ್ಟು. ಸರಪಳಿಯು ಸುಮಾರು ಮೂರು ಮೊಳ ಉದ್ದವಿತ್ತು. ನಾಯಿಯು ನಡೆದು ನಡೆದು ಗೂಟದ ಸುತ್ತಲೂ ನೆಲವು ಸವೆದು, ಕೈವಾರದಿಂದ ಎಳೆದಂತೆ ಒಂದು ವೃತ್ತವಾಗಿತ್ತು. ಅದು ಅಡಕೆ ಒಣಗಿಸುವ ಕಾಲ. ಚಾಲಿ ಅಡಕೆಯಾಗಬೇಕಾದರೆ ಕೊಯ್ದ ಹಣ್ಣಡಕೆಯು ಸುಮಾರು ಒಂದೂವರೆ ತಿಂಗಳು ಬಿಸಿಲಲ್ಲಿ ಬಿದ್ದಿರಬೇಕು. ಆದುದರಿಂದ ಅಂಗಳಕ್ಕೆ ನೆರಳು ಬೀಳದಂತೆ ಮರಗಳ ಗೆಲ್ಲುಗಳನ್ನು ಕಡಿದಿದ್ದರು. ಅಡಕೆಯನ್ನು ಕಾಯುವುದಕ್ಕಾಗಿ ನಾಯಿಯನ್ನು ಅಲ್ಲಿಯೇ ಕಟ್ಟಿದ್ದರು. ಅಡಕೆಗೆ ಬೇಕಾದ ಬಿಸಿಲೇ ನಾಯಿಗೂ ಸಿಕ್ಕುತ್ತಿತ್ತು. ಮನುಷ್ಯನು ಮೈಯೆಲ್ಲಾ ಬೆವರಿ ತಣ್ಣಗಾಗುತ್ತಾನೆ. ನಾಯಿಗೆ ಬೆವರುವುದು ಅಂಗಾಲುಗಳಲ್ಲಿ ಮಾತ್ರ. ಉಳಿದ ಸೆಕೆಯನ್ನೆಲ್ಲಾ ಅದು ನಾಲಿಗೆಯನ್ನು ಹೊರಚಾಚಿ, ಏದುಸಿರಿನಿಂದಲೇ ಕಳೆಯಬೇಕು. ಹಾಗೆ ಏದುವುದಕ್ಕೆ ಮೈಯಲ್ಲಿ ನೀರಿರಬೇಕು. ನೀರಿನ ಅಲ್ಯುಮಿನಿಯಂ ಬೋಗುಣಿಯು ಮೂರು ದಿನವೂ ಕವಚಿಯೇ ಬಿದ್ದಿತ್ತು. ಪಕ್ಕೆಲುಬುಗಳನ್ನು ದಾರಿಯಿಂದಲೇ ಎಣಿಸಬಹುದಾಗಿತ್ತು. ಸೊಂಟದ ಎಲುಬುಗಳು ಮೊನೆಯೆದ್ದು ನಿಂತಿದ್ದುವು. ಕುತ್ತಿಗೆಯ ಸುತ್ತ ಕೂದಲಿರಲಿಲ್ಲ. ಅಲ್ಲಿ ಒದ್ದೆಯಾದ ಒಂದು ಪಟ್ಟಿ, ಅದರ ಮೇಲೆ ನೊಣಗಳು. ನಾಯಿಯು ಆಗಾಗ ತಲೆಯನ್ನು ಕೊಡವುತ್ತಿತ್ತು.

ಇಷ್ಟನ್ನು ಬರೆದುಕೊಂಡ ಮೇಲೆ ಸಿಟ್ಟು ಬರುವುದು ಸುಲಭ. ನನಗೂ ಬಂತು. ಆ ಸಿಟ್ಟಿನಲ್ಲಿಯೇ ಪೋಲೀಸು ಠಾಣೆಗೊಂದು ಅರ್ಜಿಯನ್ನು ಬರೆದು ಅಂಗಿಯ ಕಿಸೆಯಲ್ಲಿಟ್ಟುಕೊಂಡೆ. ಶಾಲೆಯಲ್ಲಿ ಅದನ್ನು ಮುಖ್ಯೋಪಾಧ್ಯಾಯಿನಿಯವರಿಗೆ ತೋರಿಸಿದೆ. ಅವರು ಓದಿ, ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟು, "ಮಾಷ್ಟ್ರೇ, ನಾಲ್ಕನೆಯದರಲ್ಲಿ ಒಂಬತ್ತು ಮಕ್ಕಳು. ಮುಂದಿನ ವರ್ಷ ಒಂದನೆಯದಕ್ಕೆ ಎಷ್ಟು ಬರ್ತಾರೆ ಅಂತ ನಿಮಗೂ ಗೊತ್ತುಂಟು, ನನಗೂ ಗೊತ್ತುಂಟು. ಆ ಮನೆಯವರಿಂದ ನಮ್ಮ ಶಾಲೆಗೆ ಮೂರು ತಲೆಮಾರಿನ ಮಕ್ಕಳು ಬಂದಿದ್ದಾರೆ. ಸ್ವಲ್ಪ ಯೋಚನೆ ಮಾಡಿ" ಎಂದರು.

ಗಡಿನಾಡಿನ ಕನ್ನಡ ಶಾಲೆಯಲ್ಲಿ ದುಡಿಯುವವರಿಗೆ ಈ ಮಾತಿನ ತೂಕವನ್ನು ವಿವರಿಸಬೇಕಾಗಿಲ್ಲ. ಒಂದು ಮನೆಯ ಮುನಿಸೆಂದರೆ ನಮಗೆ ಒಂದು ಬೆಂಚು ಖಾಲಿಯಾದಂತೆ. ನಿಜ ಹೇಳುವುದಾದರೆ, ಅವರ ಮಾತನ್ನು ಕೇಳಿ ನನಗೆ ಒಳಗೊಳಗೇ ಸಮಾಧಾನವಾಯಿತು. ಸುಮ್ಮನಿರುವುದಕ್ಕೆ ಒಂದು ದೊಡ್ಡ ಕಾರಣವು ಸಿಕ್ಕಿದಂತಾಯಿತು. ಕನ್ನಡಕ್ಕಾಗಿ ಸುಮ್ಮನಿದ್ದೇನೆಂದರೆ ಯಾರು ತಾನೇ ಆಕ್ಷೇಪಿಸಿಯಾರು?

ಅಂದು ಸಂಜೆ ನನಗೆ ನೆನಪಾದುದು ಮಹಾಭಾರತದ ಒಂದು ಪ್ರಸಂಗ. ಧರ್ಮರಾಯನೊಡನೆ ಸ್ವರ್ಗದ ಬಾಗಿಲ ತನಕ ನಡೆದ ನಾಯಿಯ ಕಥೆ ಎಲ್ಲರಿಗೂ ತಿಳಿದದ್ದೇ. ಆದರೆ ಅದೇ ಗ್ರಂಥದ ಆದಿಪರ್ವದಲ್ಲಿ, ಪೌಷ್ಯಪರ್ವದ ಮೊದಲಿಗೇ, ಇನ್ನೊಂದು ನಾಯಿಯ ಕಥೆಯಿದೆ. ಜನಮೇಜಯನು ಕುರುಕ್ಷೇತ್ರದಲ್ಲಿ ಸತ್ರಯಾಗದಲ್ಲಿ ತೊಡಗಿದ್ದಾಗ ಒಂದು ನಾಯಿಮರಿಯು ಅಲ್ಲಿಗೆ ಬರುತ್ತದೆ. ಅವನ ತಮ್ಮಂದಿರು ಅದನ್ನು ಹೊಡೆದಟ್ಟುತ್ತಾರೆ. ಮರಿಯು ಅಳುತ್ತಾ ತಾಯಿಯಾದ ಸರಮೆಯ ಬಳಿಗೆ ಹೋಗುತ್ತದೆ. ಸರಮೆಯು ಕೂಡಲೇ ಅರಸನ ಮೇಲೆ ಹರಿಹಾಯುವುದಿಲ್ಲ. ನೀನೇನಾದರೂ ತಪ್ಪು ಮಾಡಿರಬೇಕೆಂದು ಮೊದಲು ತನ್ನ ಮರಿಯನ್ನೇ ವಿಚಾರಿಸುತ್ತಾಳೆ. ಹವಿಸ್ಸನ್ನು ನೆಕ್ಕಲಿಲ್ಲ, ಅದರತ್ತ ನೋಡಲೂ ಇಲ್ಲವೆಂದು ಮರಿಯು ಹೇಳಿದ ಮೇಲೆಯೇ ಯಾಗಶಾಲೆಗೆ ಹೋಗಿ, ತಪ್ಪಿಲ್ಲದ ನನ್ನ ಮಗನನ್ನು ಹೊಡೆದುದೇಕೆಂದು ಕೇಳುತ್ತಾಳೆ. ಅವರಲ್ಲೊಬ್ಬರೂ ಉತ್ತರ ಕೊಡುವುದಿಲ್ಲ. ಶಾಪವು ಬರುವುದು ಆ ಬಳಿಕ. ಆ ಮೌನದ ಪಕ್ಕದಲ್ಲಿ ನನ್ನ ಸಮಾಧಾನವನ್ನಿಟ್ಟು ನೋಡಿದಾಗ ಅದು ಬಹಳ ಸಣ್ಣದಾಗಿ ಕಂಡಿತು. ಸರಮೆಯ ಕ್ರಮವೂ ಸ್ಪಷ್ಟವಾಯಿತು: ಮೊದಲು ವಿಚಾರಣೆ, ಬಳಿಕ ಮನೆಯ ಬಾಗಿಲಲ್ಲಿ ಪ್ರಶ್ನೆ, ಶಾಪ ಕಟ್ಟಕಡೆಗೆ. ನಾನಾದರೋ ಶಾಪವನ್ನು ಮೊದಲೇ ಬರೆದು ಕಿಸೆಯಲ್ಲಿಟ್ಟುಕೊಂಡಿದ್ದೆ. ಅರ್ಜಿಯನ್ನು ಮನೆಯಲ್ಲಿಯೇ ಬಿಟ್ಟು, ಮರುದಿನ ಶಾಲೆ ಬಿಟ್ಟೊಡನೆ ಆ ಮನೆಗೆ ಹೋದೆ.

ಮನೆಯಲ್ಲಿ ಹುಡುಗಿಯ ಅಜ್ಜಿಯೊಬ್ಬರೇ ಇದ್ದರು. ಮಗನು ಕೊಲ್ಲಿ ರಾಷ್ಟ್ರದಲ್ಲಿ. ಹುಡುಗಿಯ ತಾಯಿ ಮಂಗಳೂರಿನಲ್ಲಿ ದಾದಿ, ವಾರಕ್ಕೊಮ್ಮೆ ಬರುವವರು. ನನ್ನನ್ನು ಕಂಡೊಡನೆ ಅಜ್ಜಿಯು, "ಬನ್ನಿ ಮಾಷ್ಟ್ರೇ, ಕೂತುಕೊಳ್ಳಿ" ಎಂದು ಚಾವಡಿಯಲ್ಲಿ ಕುಳ್ಳಿರಿಸಿ, ಗಂಟಿನ ನೋವಿನ ಕಾಲುಗಳನ್ನು ಎಳೆದುಕೊಂಡು ಒಳಗೆ ಹೋಗಿ, ಒಂದು ತಟ್ಟೆಯಲ್ಲಿ ಬೆಲ್ಲದ ತುಂಡನ್ನೂ ಒಂದು ಚೆಂಬು ನೀರನ್ನೂ ತಂದಿಟ್ಟರು. ಬಂದ ಕಾರಣವನ್ನು ಕೇಳುವ ಮೊದಲು ಬೆಲ್ಲ ನೀರು ಕೊಡುವುದು ನಮ್ಮ ಕಡೆಯ ಹಳೆಯ ಮರ್ಯಾದೆ. ನಾನು ಕುಡಿದೆ. ಹತ್ತು ಮಾರು ದೂರದಲ್ಲಿ ಬೋಗುಣಿಯು ಕವಚಿ ಬಿದ್ದಿತ್ತು. ಇಂತಹ ಮನೆಯಲ್ಲಿ ಕ್ರೂರಿಗಳಿದ್ದಾರೆಂದು ಬರೆದ ಅರ್ಜಿಯ ಮಾತುಗಳು ನೆನಪಾಗಿ ಬೆಲ್ಲವು ಗಂಟಲಲ್ಲಿ ಇಳಿಯಲಿಲ್ಲ.

"ಎಂತ ಮಾಡುವುದು ಮಾಷ್ಟ್ರೇ" ಎಂದರು ಅಜ್ಜಿ. "ನನಗೆ ಒಬ್ಬಳಿಗೇ ಹೆದರಿಕೆ ಅಂತ ಮಗ ಬಂದಾಗ ಮರಿ ತಂದು ಕಟ್ಟಿ ಹೋದದ್ದು. ಈಗ ಹತ್ತಿರ ಹೋದರೆ ಹಾರಿ ಬರ್ತದೆ. ಕೆಲಸದವ ಬಂದ ದಿನ ಅವ ಅನ್ನ ಹಾಕ್ತಾನೆ. ಬಾರದ ದಿನ ನಾನು ಕೋಲಿನಲ್ಲಿ ದೂಡಿ ಕೊಡುವುದು. ನೀರು ಇಟ್ಟರೆ ಸರಪಳಿ ತಾಗಿ ಚೆಲ್ತದೆ. ಎಷ್ಟು ಸಲ ಇಡುವುದು? ನನಗೆ ಬಗ್ಗಲಿಕ್ಕೆ ಆಗುವುದಿಲ್ಲ."

"ಸರಪಳಿಯನ್ನು ಕುತ್ತಿಗೆಗೆ ಹೇಗೆ ಕಟ್ಟಿದ್ದಾರೆ ಅಮ್ಮ?" ಎಂದು ಕೇಳಿದೆ.

"ಮರಿ ಇರುವಾಗ ಒಂದು ಪ್ಲಾಸ್ಟಿಕ್ ಹಗ್ಗ ಕಟ್ಟಿದ್ದರು. ಆ ಹಗ್ಗಕ್ಕೇ ಮತ್ತೆ ಸರಪಳಿ ಹಾಕಿದ್ದು." ಅವರು ಸ್ವಲ್ಪ ಹೊತ್ತು ಅಂಗಳವನ್ನು ನೋಡಿದರು. ಬಳಿಕ ತಮ್ಮಷ್ಟಕ್ಕೆ ತಾವೇ ಕೇಳಿಕೊಂಡರು: "ಆ ಹಗ್ಗವನ್ನು ಬಿಚ್ಚಿದ್ದು ಯಾರು?"

ಯಾರೂ ಬಿಚ್ಚಿರಲಿಲ್ಲ. ಮರಿಯ ಕೊರಳಿಗೆಂದು ಬಿಗಿದ ಹಗ್ಗವು ಹಾಗೆಯೇ ಉಳಿದು, ಕೊರಳು ಮಾತ್ರ ಬೆಳೆದಿತ್ತು. ನಾಯಿಮರಿಯು ಹೆಚ್ಚುಕಡಿಮೆ ಒಂದು ವರ್ಷದಲ್ಲಿ ಪೂರ್ಣವಾಗಿ ಬೆಳೆದುಬಿಡುತ್ತದೆ. ಹಗ್ಗಕ್ಕೆ ಬೆಳೆಯುವುದು ತಿಳಿಯದು. ಅದು ಚರ್ಮವನ್ನು ಕೊರೆದು ಮಾಂಸದೊಳಗೆ ಇಳಿದಿತ್ತು. ನೋವಿನಿಂದಾಗಿ ನಾಯಿಯು ಸಿಡುಕಿತು. ಸಿಡುಕಿದ್ದರಿಂದ ಮನೆಯವರು ಹೆದರಿದರು. ಹೆದರಿದ್ದರಿಂದ ಯಾರೂ ಹತ್ತಿರ ಹೋಗಿ ನೋಡಲಿಲ್ಲ. ನೋಡದ್ದರಿಂದ ನೋವು ಬೆಳೆಯಿತು. ಅಲ್ಲಿ ಹೊಡೆದವರಾಗಲಿ, ಉದ್ದೇಶಪೂರ್ವಕವಾಗಿ ಉಪವಾಸ ಕೆಡವಿದವರಾಗಲಿ ಯಾರೂ ಇರಲಿಲ್ಲ. ನೆಲದ ಮೇಲಿನ ಆ ವೃತ್ತದಂತೆಯೇ ಇದೂ ಒಂದು ವೃತ್ತವಾಗಿದ್ದಿತು.

ಇಲ್ಲಿಯೇ ನಾನು ಎರಡನೆಯ ತಪ್ಪನ್ನು ಮಾಡಿದುದು. ನನಗೆ ಹೇಗೆ ತಿಳಿಯಿತೆಂದು ಅಜ್ಜಿಯು ಕೇಳಿದಾಗ, "ನಿಮ್ಮ ಮೊಮ್ಮಗಳು ಪ್ರಬಂಧದಲ್ಲಿ ಬರೆದಿದ್ದಾಳೆ" ಎಂದುಬಿಟ್ಟೆ. ದಾರಿಯಲ್ಲಿ ಹೋಗುವಾಗ ಕಂಡೆನೆಂದು ಹೇಳಿದ್ದರೂ ಅದು ಸತ್ಯವೇ ಆಗುತ್ತಿತ್ತು. ಅಂದು ರಾತ್ರಿ ಅಜ್ಜಿಯು ಮಗಳಿಗೆ ಫೋನು ಮಾಡಿದರು. ಮರುದಿನ ಹುಡುಗಿಯ ತಾಯಿ ನನಗೆ ಫೋನು ಮಾಡಿ, "ಮನೆಯ ವಿಷಯ ಎಲ್ಲ ಶಾಲೆಯಲ್ಲಿ ಬರೆಯಿಸುವುದು ಯಾವ ಪಾಠ ಮಾಷ್ಟ್ರೇ?" ಎಂದು ಕೇಳಿದರು. ಹುಡುಗಿಯು ಎರಡು ದಿನ ಶಾಲೆಗೆ ಬರಲಿಲ್ಲ. ಪೇಟೆಯ ಇಂಗ್ಲಿಷ್ ಮಾಧ್ಯಮದ ಶಾಲೆಯ ವಾಹನವು ಆ ಮನೆಯ ಮುಂದೆ ನಿಂತುದನ್ನು ಕಂಡೆವೆಂದು ಯಾರೋ ಹೇಳಿದರು. ಮುಖ್ಯೋಪಾಧ್ಯಾಯಿನಿಯವರು ನನಗೆ ಏನನ್ನೂ ಹೇಳಲಿಲ್ಲ. ಹಾಜರಿ ಪುಸ್ತಕವನ್ನು ನನ್ನ ಕಡೆಗೆ ಸರಿಸಿದರು, ಅಷ್ಟೇ.

ಮಗುವಿನ ಮಾತನ್ನು ಸಾಕ್ಷಿಯಾಗಿ ಎಳೆದು ತರಬಾರದೆಂಬುದನ್ನು ನಾನು ಆ ಎರಡು ದಿನಗಳಲ್ಲಿ ಕಲಿತೆ. ಸಹೋದ್ಯೋಗಿಗಳಿಗೆ ಇದನ್ನು ಒತ್ತಿ ಹೇಳುತ್ತೇನೆ. ಮಗು ನಮಗೆ ಹೇಳಿದುದು ನಮ್ಮ ಕಣ್ಣು ತೆರೆಯಲಿಕ್ಕೆ. ತೆರೆದ ಕಣ್ಣಿನಿಂದ ಕಂಡುದನ್ನು ಮಾತ್ರ ನಾವು ಇತರರೊಡನೆ ಆಡಬೇಕು.

ಶನಿವಾರದಂದು ಆ ತಾಯಿ ಮಂಗಳೂರಿನಿಂದ ಬಂದರು. ರೋಗಿಗಳ ಹುಣ್ಣುಗಳನ್ನು ತೊಳೆದು ಕಟ್ಟುವುದೇ ಅವರ ಉದ್ಯೋಗ. ಅಂಗಳದ ಅಂಚಿಗೆ ಹೋಗಿ ನಿಂತು ಒಂದು ಸಲ ನೋಡಿದರಂತೆ. ವಾಸನೆಯಿಂದಲೇ ಅವರಿಗೆ ತಿಳಿಯಿತಂತೆ. ಸೋಮವಾರ ಬೆಳಿಗ್ಗೆ ಪಂಚಾಯತಿನ ಮೃಗಾಸ್ಪತ್ರೆಯ ಡಾಕ್ಟರು ಬಂದರು. ಅವರನ್ನು ಕರೆದವರು ಆ ತಾಯಿಯೇ, ನಾನಲ್ಲ. ಡಾಕ್ಟರು ಮಂಪರಿನ ಚುಚ್ಚುಮದ್ದನ್ನು ಕೊಟ್ಟು, ನಾಯಿಯು ಮಲಗಿದ ಮೇಲೆ ಹಗ್ಗವನ್ನು ಹುಡುಕಿ ಕತ್ತರಿಸಿದರು. 'ಹುಡುಕಿ' ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಹಗ್ಗವು ಹೊರಗೆ ಕಾಣುತ್ತಿರಲಿಲ್ಲ. ಹುಣ್ಣಿನೊಳಗೆ ಹುಳುಗಳಾಗಿದ್ದುವು. ಅವುಗಳನ್ನು ತೆಗೆದು, ತೊಳೆದು, ಔಷಧವನ್ನು ಹಚ್ಚಿದರು. ಬಡವಾದ ನಾಯಿಗೆ ಒಮ್ಮೆಲೇ ಹೊಟ್ಟೆ ತುಂಬ ಹಾಕಬಾರದು, ಸ್ವಲ್ಪ ಸ್ವಲ್ಪವಾಗಿ ನಾಲ್ಕಾರು ಬಾರಿ ಕೊಡಬೇಕೆಂದರು. ಇನ್ನು ಮುಂದೆ ಕೊರಳಪಟ್ಟಿಯನ್ನು ಕಟ್ಟುವುದಾದರೆ ಒಳಗೆ ಎರಡು ಬೆರಳುಗಳು ಸಲೀಸಾಗಿ ತೂರುವಂತಿರಬೇಕೆಂದೂ, ಮರಿಗಳಿಗಾದರೆ ವಾರಕ್ಕೊಮ್ಮೆ ಬೆರಳು ತೂರಿಸಿ ನೋಡಬೇಕೆಂದೂ ಹೇಳಿದರು. ಗಾಯವು ಮಾಗಿದ ಮೇಲೆ ಹುಚ್ಚುನಾಯಿ ರೋಗದ ಲಸಿಕೆಯನ್ನೂ ಹಾಕಿದರು. ಆ ಲಸಿಕೆಯ ಚೀಟಿಯನ್ನು ತೋರಿಸಿ ಪಂಚಾಯತಿನಿಂದ ನಾಯಿಯ ಪರವಾನಗಿಯನ್ನೂ ಪಡೆದರು. ಕೇರಳದಲ್ಲಿ 1998ರ ನಿಯಮಗಳಂತೆ ಗ್ರಾಮಗಳಲ್ಲಿ ನಾಯಿ ಸಾಕುವವರು ಅದನ್ನು ಪಡೆಯಲೇಬೇಕು; ಪಡೆದವರು ನಮ್ಮಲ್ಲಿ ವಿರಳ.

ಗೂಟವನ್ನು ಹಲಸಿನ ಮರದ ನೆರಳಿಗೆ ಸಾಗಿಸಿದರು. ರಾತ್ರಿ ಗೇಟು ಮುಚ್ಚಿದ ಮೇಲೆ ನಾಯಿಯನ್ನು ಬಿಡುವ ರೂಢಿಯಾಯಿತು. ನೀರಿಗೆ ಅಜ್ಜಿಯೇ ಒಂದು ಉಪಾಯವನ್ನು ಕಂಡುಕೊಂಡರು. ಹಳೆಯ ಅರೆಯುವ ಕಲ್ಲೊಂದು ಬಚ್ಚಲಿನ ಹಿಂದೆ ಬಿದ್ದಿತ್ತು. ಅದರ ಗುಳಿಗೆ ನೀರು ಹೊಯ್ದರೆ ಯಾವ ಸರಪಳಿಯೂ ಅದನ್ನು ಕವಚಿ ಹಾಕಲಾರದು. ನಾನು ಪುಸ್ತಕದಲ್ಲಿ ಎಷ್ಟೋ ಬರೆದುಕೊಂಡಿದ್ದೆ. ಈ ಯೋಚನೆಯು ನನಗೆ ಹೊಳೆದಿರಲಿಲ್ಲ. ಹುಡುಗಿಯು ಶಾಲೆಗೆ ಮರಳಿದಳು. ನಾಯಿಗೆ 'ಬೊಳ್ಳು' ಎಂದು ಹೆಸರಿಟ್ಟುದನ್ನು ಎರಡು ವಾರಗಳ ಬಳಿಕ ಹೇಳಿದಳು.

ಇಲ್ಲಿಗೆ ನಿಲ್ಲಿಸಿದರೆ ಈ ಪ್ರಬಂಧವೂ ಒಂದು ನಂಬಿಗಸ್ತ ಪ್ರಾಣಿಯಾಗಿ ಬಾಲವಾಡಿಸುತ್ತದೆ. ಆದರೆ 2024ರ ಜೂನ್ ತಿಂಗಳಲ್ಲಿ ನಡೆದುದನ್ನು ಮುಚ್ಚಿಡಲಾರೆ.

ನಮ್ಮ ಊರಿನಿಂದ ಸ್ವಲ್ಪ ದೂರದಲ್ಲಿ ಬೀಗ ಹಾಕಿದ ಒಂದು ದೊಡ್ಡ ಮನೆ. ಮನೆಯವರು ಪರದೇಶದಲ್ಲಿದ್ದರು. ಹಿತ್ತಲ ಕಬ್ಬಿಣದ ಗೂಡಿನಲ್ಲಿ ಎರಡು ನಾಯಿಗಳಿದ್ದುವು. ಅವುಗಳಿಗೆ ಅನ್ನ ಹಾಕಲು ಒಬ್ಬನಿಗೆ ತಿಂಗಳ ಸಂಬಳವನ್ನು ಗೊತ್ತುಮಾಡಿದ್ದರು. ಅವನು ಕಾಯಿಲೆ ಬಿದ್ದು ತನ್ನ ಊರಿಗೆ ಹೋಗಿದ್ದನು. ಹಿತ್ತಲಿನಿಂದ ಬೊಗಳುವ ಸದ್ದು ನಿಂತಿಲ್ಲವೆಂದು ಒಬ್ಬರು ನನಗೆ ಹೇಳಿದರು. ಬೊಳ್ಳುವಿನ ವಿಷಯದಲ್ಲಿ ಕೊನೆಗೆ ಎಲ್ಲವೂ ಒಳ್ಳೆಯದಾಯಿತಷ್ಟೆ. ಆದುದರಿಂದ ಇಲ್ಲಿಯೂ ಅದೇ ಕ್ರಮವನ್ನು ಹಿಡಿದೆ. ಎರಡು ದಿನ ದಾರಿಯಲ್ಲಿ ನಿಂತು ನೋಡಿದೆ, ತಾರೀಖು ಹಾಕಿ ಬರೆದುಕೊಂಡೆ, ನೆರೆಯವರನ್ನು ವಿಚಾರಿಸಿದೆ. ಪ್ರತಿಯೊಬ್ಬರೂ ಇನ್ನೊಬ್ಬರು ಅನ್ನ ಹಾಕುತ್ತಿದ್ದಾರೆಂದು ತಿಳಿದುಕೊಂಡಿದ್ದರು.

ಮೂರನೆಯ ದಿನ ಪಂಚಾಯತಿನ ಸದಸ್ಯರ ಬಳಿಗೆ ಹೋದೆ. ಠಾಣೆಗೂ ಪಂಚಾಯತಿಗೂ ಕನ್ನಡದಲ್ಲಿಯೇ ಅರ್ಜಿ ಕೊಟ್ಟೆ. ಕುಂದುಕೊರತೆಯ ಅರ್ಜಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯೂ ಕೊಡಬಹುದೆಂದು ಸಂವಿಧಾನದ 350ನೆಯ ವಿಧಿಯು ಹೇಳುತ್ತದೆ. ಗಡಿನಾಡಿನವರು ಇದನ್ನು ಮರೆಯಬಾರದು. ಕಾನೂನಿನ ಪುಸ್ತಕವನ್ನೂ ತೆರೆದೆ. ಅದಕ್ಕೊಂದು ಒಳ್ಳೆಯ ಇತಿಹಾಸವಿದೆ. ಕಲಾಕ್ಷೇತ್ರದ ನೃತ್ಯಗಾತಿಯೆಂದೇ ನಾವು ಅರಿತಿರುವ ರುಕ್ಮಿಣೀದೇವಿ ಅರುಂಡೇಲರು 1952ರಲ್ಲಿ ರಾಜ್ಯಸಭೆಗೆ ನಾಮಕರಣ ಹೊಂದಿ, ಪ್ರಾಣಿಹಿಂಸೆಯ ವಿರುದ್ಧ ಖಾಸಗಿ ಮಸೂದೆಯೊಂದನ್ನು ತಂದರು. ಸರಕಾರವೇ ಒಂದನ್ನು ತರುವುದೆಂದು ನೆಹರೂರವರು ಭರವಸೆ ಕೊಟ್ಟ ಮೇಲೆ ಅದನ್ನು ಹಿಂದೆಗೆದುಕೊಂಡರು, 1960ರಲ್ಲಿ ಕಾಯಿದೆಯಾಯಿತು. ಅದರ ಹನ್ನೊಂದನೆಯ ಕಲಮಿನಲ್ಲಿ ಎಲ್ಲವೂ ಇದೆ. ತೀರ ಗಿಡ್ಡವಾದ ಸರಪಳಿಯಲ್ಲಿ ಹೊತ್ತು ಗೊತ್ತಿಲ್ಲದೆ ಕಟ್ಟಿಹಾಕುವುದು, ಸದಾ ಕಟ್ಟಿದ ಅಥವಾ ಕೂಡಿದ ನಾಯಿಯನ್ನು ಅಡ್ಡಾಡಿಸದಿರುವುದು, ಮೈ ಆಡಿಸಲಾಗದ ಗೂಡಿನಲ್ಲಿಡುವುದು, ಸಾಕಷ್ಟು ಅನ್ನ ನೀರು ನೆರಳುಗಳನ್ನು ಕೊಡದಿರುವುದು, ಹಸಿವು ಬಾಯಾರಿಕೆಗಳಿಗೆ ಗುರಿಯಾಗುವಂತೆ ತೊರೆದುಬಿಡುವುದು: ಇವೆಲ್ಲವೂ ಅಪರಾಧಗಳೇ. ಬೊಳ್ಳುವಿನ ಇಡೀ ಬಾಳು ಆ ಪುಟದಲ್ಲಿತ್ತು. ಆದರೆ ಮೊದಲ ಅಪರಾಧಕ್ಕೆ ದಂಡವು ಹತ್ತು ರೂಪಾಯಿಗಳಿಂದ ಐವತ್ತರ ತನಕ. 1960ರಲ್ಲಿ ಅದಕ್ಕೊಂದು ಬೆಲೆಯಿತ್ತು, ಇಂದು ನಾಲ್ವರು ಚಹಾ ತಿಂಡಿ ಮುಗಿಸಿ ಏಳುವುದಕ್ಕೂ ಅದು ಸಾಲದು. ಅಲ್ಲದೆ ಇಂತಹ ಅಲಕ್ಷ್ಯದ ಅಪರಾಧಗಳಲ್ಲಿ ಪೋಲೀಸರು ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ತಾವಾಗಿಯೇ ತನಿಖೆಗೆ ಇಳಿಯುವಂತಿಲ್ಲ. ಮೊಕದ್ದಮೆಯನ್ನು ಹೂಡುವುದಿದ್ದರೆ ಮೂರು ತಿಂಗಳೊಳಗೆ ಹೂಡಬೇಕು. ತಾರೀಖು ಹಾಕಿ ಬರೆದಿಡಬೇಕೆಂದು ನಾನು ಹೇಳುವುದು ಇದಕ್ಕಾಗಿಯೂ ಹೌದು.

ಠಾಣೆಯವರೂ ಸದಸ್ಯರೂ ಸೇರಿ ಮನೆಯ ಯಜಮಾನರ ಫೋನು ನಂಬರನ್ನು ಪತ್ತೆಹಚ್ಚುವುದಕ್ಕೆ ಮತ್ತೊಂದು ದಿನವಾಯಿತು. "ನಾನು ತಿಂಗಳು ತಿಂಗಳು ಹಣ ಕಳಿಸ್ತಾ ಇದ್ದೆನಲ್ಲಾ!" ಎಂದರು ಅವರು. ಆ ಧ್ವನಿಯಲ್ಲಿದ್ದುದು ನಿಜವಾದ ಆಶ್ಚರ್ಯವೇ. ಅವರ ಒಪ್ಪಿಗೆಯನ್ನು ಪಡೆದು, ಸದಸ್ಯರ ಮತ್ತು ಮೃಗಾಸ್ಪತ್ರೆಯ ಡಾಕ್ಟರ ಎದುರಿನಲ್ಲಿ ಬೀಗವನ್ನು ಒಡೆದರು. ಒಂದು ನಾಯಿಯು ಬದುಕಿತ್ತು. ಇನ್ನೊಂದು ಆ ಬೆಳಿಗ್ಗೆಯೇ ಸತ್ತಿರಬೇಕೆಂದು ಡಾಕ್ಟರು ಹೇಳಿದರು. ಮೈ ಇನ್ನೂ ಸೆಟೆದಿರಲಿಲ್ಲ.

ನಾನು ನೋಡುತ್ತಾ ಬರೆಯುತ್ತಾ ನಿಂತ ಎರಡು ದಿನಗಳ ಲೆಕ್ಕವನ್ನು ಈಗಲೂ ಮಾಡುತ್ತಿರುತ್ತೇನೆ. ಬೊಳ್ಳುವಿಗೆ ಗೂಟದ ಬಳಿ ಯಾರೋ ಅಷ್ಟಿಷ್ಟು ಅನ್ನವನ್ನು ದೂಡುತ್ತಿದ್ದರು. ಅಲ್ಲಿ ಕಾಯುವುದಕ್ಕೆ ಸಮಯವಿತ್ತು, ಮಾತನಾಡುವುದಕ್ಕೆ ಮನೆಯಲ್ಲಿ ಮನುಷ್ಯರಿದ್ದರು. ಬೀಗದ ಮನೆಯ ಮುಚ್ಚಿದ ಗೂಡಿನಲ್ಲಿ ನೀರಿಲ್ಲದ ಪ್ರಾಣಿಗೆ ಉಳಿದಿರುವುದು ಕೆಲವೇ ದಿನಗಳು. ಒಂದರಲ್ಲಿ ಗುಣವಾಗಿದ್ದ ತಾಳ್ಮೆಯು ಇನ್ನೊಂದರಲ್ಲಿ ದೋಷವಾಯಿತು. ಆದುದರಿಂದ ನಾನು ಈಗ ಮೊದಲು ಕೇಳಿಕೊಳ್ಳುವ ಪ್ರಶ್ನೆಯೇ ಬೇರೆ: ಈ ಪ್ರಾಣಿಗೆ ಇನ್ನೆಷ್ಟು ಸಮಯವಿದೆ? ಸಮಯವಿದ್ದರೆ ಬಾಗಿಲು ತಟ್ಟಿ, ಬೆಲ್ಲ ನೀರು ಕುಡಿದು, ಕೇಳಬೇಕು. ಬೈಯುವುದಕ್ಕಿಂತ ಒಂದು ಅರೆಯುವ ಕಲ್ಲು ಹೆಚ್ಚು ಉಪಕಾರವನ್ನು ಮಾಡೀತು. ಸಮಯವಿಲ್ಲದಿದ್ದರೆ ಅದೇ ಗಂಟೆಯಲ್ಲಿ ಸದಸ್ಯರನ್ನೂ ಡಾಕ್ಟರನ್ನೂ ಠಾಣೆಯವರನ್ನೂ ಎಬ್ಬಿಸಬೇಕು. ಪುಸ್ತಕದಲ್ಲಿ ಬರೆಯುವುದನ್ನು ಆಮೇಲೆ ಬರೆಯಬಹುದು. ಎರಡರಲ್ಲಿಯೂ ಪರರ ಗೇಟನ್ನು ತಾನಾಗಿಯೇ ಹಾರಬಾರದು.

ವಿದ್ಯಾರ್ಥಿ ಮಿತ್ರರಿಗೆ ಒಂದು ಮಾತು. ನೋವಿನಲ್ಲಿರುವ ನಾಯಿಯು ಮಿತ್ರನನ್ನೂ ಕಚ್ಚುತ್ತದೆ. ನೀವು ಹತ್ತಿರ ಹೋಗಬೇಡಿ; ಬಿಚ್ಚಲು ನೋಡಬೇಡಿ; ಹಿರಿಯರಿಗೆ ಹೇಳಿ, ಅವರು ಕೇಳದಿದ್ದರೆ ಇನ್ನೊಬ್ಬರಿಗೆ ಹೇಳಿ. ಒಂದು ವೇಳೆ ಹಲ್ಲೋ ಉಗುರೋ ತಾಗಿದರೆ, ಗಾಯವು ಎಷ್ಟೇ ಸಣ್ಣದಾಗಿರಲಿ, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಕಾಲು ಗಂಟೆ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ಹುಚ್ಚುನಾಯಿ ರೋಗವು ಒಮ್ಮೆ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆಂಬಷ್ಟು ಅಪರೂಪ. ಕಾಣಿಸಿಕೊಳ್ಳುವ ಮೊದಲು ಹೊತ್ತಿಗೆ ಸರಿಯಾಗಿ ಚುಚ್ಚುಮದ್ದು ಪಡೆದರೆ ಅದನ್ನು ತಡೆಯಬಹುದು. ನಮ್ಮ ಜಿಲ್ಲೆಯಲ್ಲಿ ನಾಯಿಯ ಹೆದರಿಕೆ ಸುಳ್ಳಲ್ಲ. ಆದರೆ ಬಸ್ಸು ನಿಲ್ದಾಣದಲ್ಲಿ ನಾವು ಹೆದರುವ ನಾಯಿಗಳಲ್ಲಿ ಎಷ್ಟೋ, ಯಾರದೋ ಮನೆಯಲ್ಲಿ ಹೆಣ್ಣುಮರಿಗಳಾಗಿ ಹುಟ್ಟಿ, ಚೀಲದಲ್ಲಿ ಬಂದು ಪೇಟೆಯ ಬದಿಯಲ್ಲಿ ಇಳಿದವು ಎಂಬುದನ್ನೂ ನಾವು ಬಲ್ಲೆವು.

ಆ ಪ್ರಬಂಧದ ಪುಸ್ತಕದ ಮಾತೊಂದು ಉಳಿದಿದೆ. ನಮ್ಮದು ನಾಲ್ಕನೆಯ ತರಗತಿಗೆ ಮುಗಿಯುವ ಶಾಲೆ. 2023ರ ಮಾರ್ಚ್ ತಿಂಗಳ ಕೊನೆಯ ದಿನಗಳಲ್ಲಿ ಆ ಹುಡುಗಿಯನ್ನು ಕರೆದು, ಪುಸ್ತಕವನ್ನು ತರಿಸಿಕೊಂಡೆ. ಅವಳ ಎದುರಿನಲ್ಲಿಯೇ "ವಿಷಯಕ್ಕೆ ಹೊಂದಿಲ್ಲ" ಎಂಬ ಷರಾವನ್ನು ಹೊಡೆದು ಹಾಕಿದೆ.

"ನೀವು ತಪ್ಪು ಬರೆದದ್ದಾ ಮಾಷ್ಟ್ರೇ?" ಎಂದು ಕೇಳಿದಳು.

"ಹೌದು" ಎಂದೆ.

ಅವಳು ಸ್ವಲ್ಪ ಯೋಚಿಸಿ, "ಹಾಗಾದರೆ ಅಂಕ?" ಎಂದಳು.

ನಾಲ್ಕನ್ನು ಹೊಡೆದು ಒಂಬತ್ತು ಎಂದು ಬರೆದೆ. 'ಇದೆ' ಎಂದು ತಿದ್ದಿದ್ದ ಕಡೆಯಲ್ಲಿ ನನ್ನ ತಿದ್ದುಪಡಿಯನ್ನೂ ಹೊಡೆದು, ಅವಳ 'ಉಂಟು' ಎಂಬುದನ್ನು ಹಾಗೆಯೇ ಉಳಿಸಿದೆ.